ಎರಡು ನಿಮಿಷದ ಒಪ್ಪಿಗೆ

ಬುಧವಾರ ಬೆಳಿಗ್ಗೆ ನಟರಾಜು ಧನಲಕ್ಷ್ಮಿಯವರ ಮನೆ ಮುಂದೆ ಆಟೋ ನಿಲ್ಲಿಸಿದಾಗ ಅದರ ಹಿಂದಿನ ಚಕ್ರ ಚರಂಡಿಯ ಕಲ್ಲಿನ ಮೇಲೆ ಹತ್ತಿತ್ತು. ಇಪ್ಪತ್ತೆರಡು ವರ್ಷ ಹಾಸನದ ಬೀದಿಗಳಲ್ಲಿ ಆಟೋ ಓಡಿಸಿದ ಮನುಷ್ಯ ಹಾಗೆ ನಿಲ್ಲಿಸುವವನಲ್ಲ. ಧನಲಕ್ಷ್ಮಿಯವರು ಬಾಗಿಲಲ್ಲಿ ನಿಂತು ಚಕ್ರ ನೋಡಿದರು, ಅವನ ಮುಖ ನೋಡಿದರು, ಒಳಗೆ ಹೋಗಿ ಇನ್ನೊಂದು ಲೋಟ ಕಾಫಿಗೆ ಹಾಲಿಟ್ಟರು.

ಆಕೆ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟು ತಡ, ಆ ತಡಕ್ಕೆ ಡ್ರೈವರ್ ಹೇಳುವ ಕಾರಣದಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಅಳೆಯುವುದೇ ಆಕೆಯ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಉದ್ಯೋಗ ಹೋಯಿತು, ಚಾಳಿ ಹೋಗಲಿಲ್ಲ. ಆರು ವರ್ಷಗಳಲ್ಲಿ ಕಾಣೆಯಾದ ಒಡವೆ, ತಿದ್ದಿದ ಉಯಿಲು, ಹೆಸರಿಲ್ಲದ ಪತ್ರ ಎಂದು ಹನ್ನೊಂದು ಒಗಟುಗಳನ್ನು ಬಿಡಿಸಿದ್ದರು. ಹನ್ನೊಂದಕ್ಕೂ ಆಟೋ ನಟರಾಜುವಿನದೇ. ತಲೆ ಅವರದು, ಚಕ್ರ ನನ್ನದು ಎಂದು ಅವನು ಸ್ಟ್ಯಾಂಡಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಹನ್ನೆರಡನೆಯದು ತನ್ನ ಮನೆಯಿಂದಲೇ ಬರುತ್ತದೆಂದು ಅವನಿಗೇನು ಗೊತ್ತು.

"ನಮ್ಮಕ್ಕನ ಮಗಳು ಸಂಘಮಿತ್ರಾ, ಅರಕಲಗೂಡ್ನೋಳು, ಗೊತ್ತಲ್ಲ ಮೇಡಂ," ಎಂದ ಅವನು, ಕಾಫಿ ಮುಟ್ಟದೆ. "ಮೂರು ದಿನದಿಂದ ವಸ್ಲು ದಾಟಿಲ್ಲ. ಉಣ್ಣಾಕಿಲ್ಲ, ಮಾತಾಡಾಕಿಲ್ಲ. ಮಾಡದೇ ಇರೋ ತಪ್ಪ ತಲೆ ಮ್ಯಾಲೆ ಒತ್ಕಂಡು ಕುಂತವ್ಳೆ."

ಅವನು ಹಿಂದುಮುಂದಾಗಿ ಹೇಳಿದ್ದನ್ನು ಧನಲಕ್ಷ್ಮಿಯವರು ನೆಟ್ಟಗೆ ಮಾಡಿಕೊಂಡರು. 'ಎಷ್ಟೊತ್ತಿಗೆ' ಎಂಬ ಒಂದು ಆ್ಯಪ್ ಇತ್ತು. ಜಿಲ್ಲೆಯ ಹಳ್ಳಿಹಳ್ಳಿಯ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ ಎಂದು ಫೋನಿನಲ್ಲಿ ತೋರಿಸುವುದು ಅದರ ಕೆಲಸ. ಅದು ಯಾವ ಕಂಪನಿಯದೂ ಅಲ್ಲ. ಅದರ ಒಳಗಿನ ಬರಹವೆಲ್ಲ ಎಲ್ಲರಿಗೂ ತೆರೆದಿತ್ತು, ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಸಂಘಮಿತ್ರಾ ಹತ್ತು ದಿನದ ಹಿಂದೆ ಅದಕ್ಕೆ ಸೇರಿದ್ದಳು. ಕಳೆದ ಸೋಮವಾರ ಬೆಳಿಗ್ಗೆ ಆರೂ ಹತ್ತರ ಅರಕಲಗೂಡು–ಹಾಸನ ಬಸ್ಸನ್ನು ಆ್ಯಪ್ ಏಳೂ ಹತ್ತು ಎಂದು ತೋರಿಸಿತು. ಬಸ್ಸು ಎಂದಿನ ಹೊತ್ತಿಗೇ ಹೋಯಿತು. ಇಪ್ಪತ್ತೈದು ಮೂವತ್ತು ಜನ ನಿಲ್ದಾಣದಲ್ಲೇ ಉಳಿದರು. ಅವರಲ್ಲಿ ಸಂಘಮಿತ್ರಾಳ ಎದುರುಮನೆಯ ತೇಜಶ್ರೀಯೂ ಒಬ್ಬಳು, ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ ತಪ್ಪಿತು. ಹೊತ್ತು ಬದಲಾಯಿಸಿದ ದಾಖಲೆಯಲ್ಲಿ ಇದ್ದ ಹೆಸರು ಸಂಘಮಿತ್ರಾಳದು.

"ಭಾನುವಾರ ಮೀಟಿಂಗ್ ಅಂತೆ," ಎಂದ ನಟರಾಜು. "ಇವಳ ಎಸ್ರು ತೆಗೆದಾಕ್ತಾರಂತೆ. ಇನ್ಮ್ಯಾಲೆ ಒಸಬ್ರನ್ನ ಸೇರ್ಸೋದೇ ಬ್ಯಾಡ ಅಂತಾರಂತೆ. ಒಸಬ್ರು ಅಂದ್ರೆ ಯಾರ ಮನೆ ಮಕ್ಳು ಅಂತ ನಂಗೊತ್ತಿಲ್ವಾ ಮೇಡಂ?"

ಧನಲಕ್ಷ್ಮಿಯವರು ಎದ್ದರು. ಚಪ್ಪಲಿ ಮೆಟ್ಟಿಕೊಂಡರು.

ಆ್ಯಪನ್ನು ಮೊದಲು ಕಟ್ಟಿದವನು ಸಂಜಯ್, ಹಾಸನದಲ್ಲೇ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಒಳ್ಳೆಯವನೇ, ಆದರೆ ಬಂದವರನ್ನು ಕೂರಿಸುವ ಮೊದಲೇ ಕ್ಷಮೆ ಕೇಳುವಂಥವನು. ಧನಲಕ್ಷ್ಮಿಯವರು ತಮಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲವೆಂದೂ, ಹೊಸಬರಿಗೆ ಹೇಳುವ ಹಾಗೆ ಹೇಳಬೇಕೆಂದೂ ಕೇಳಿಕೊಂಡರು. ಸಂಜಯ್‌ಗೆ ಅದು ಬಾಯಿಪಾಠವಿತ್ತು. ಹೊಸಬರು ಮೊದಲು ನಿಯಮದ ಪುಟ ಓದಬೇಕು. 'ಹೊಸಬರಿಗೆ' ಎಂದು ಗುರುತು ಹಾಕಿದ ಸಣ್ಣ ಕೆಲಸಗಳ ಪಟ್ಟಿಯಿಂದ ಒಂದನ್ನು ಆರಿಸಿ, ಇದು ನಾನು ಮಾಡುತ್ತೇನೆ ಎಂದು ತಿಳಿಸಬೇಕು. ಮೂಲವನ್ನು ಮುಟ್ಟದೆ ತನ್ನದೊಂದು ಪ್ರತಿಯಲ್ಲಿ ತಿದ್ದಬೇಕು. ಏನು ತಿದ್ದಿದೆ, ಯಾಕೆ ತಿದ್ದಿದೆ, ಸರಿಯೆಂದು ಹೇಗೆ ನೋಡಿದೆ ಎಂದು ಬರೆದು ಕಳಿಸಬೇಕು. ಆಮೇಲೆ ಆಯಾ ಊರಿನ ಬಸ್ಸುಪಟ್ಟಿಯ ಉಸ್ತುವಾರಿಯವರು ಓದಿ ಒಪ್ಪಿದರೆ ಮಾತ್ರ ಅದು ಆ್ಯಪಿನೊಳಗೆ ಹೋಗುತ್ತದೆ. ಎಷ್ಟೇ ಹಳಬನಾದರೂ ತನ್ನ ಕೆಲಸಕ್ಕೆ ತಾನೇ ಒಪ್ಪಿಗೆ ಒತ್ತುವಂತಿಲ್ಲ.

"ಅಂದರೆ ಇದಕ್ಕೂ ಒಬ್ಬರು ಒಪ್ಪಿಗೆ ಕೊಟ್ಟಿದ್ದಾರೆ," ಎಂದರು ಧನಲಕ್ಷ್ಮಿ.

ಕೊಟ್ಟವರು ಅರಕಲಗೂಡು ಪಟ್ಟಿಯ ಉಸ್ತುವಾರಿ ರಜನೀಶ್, ಹೊಳೆನರಸೀಪುರದಲ್ಲಿ ಇನ್ಶೂರೆನ್ಸ್ ಏಜೆಂಟ್. ಸಂಜಯ್ ದಾಖಲೆ ತೆಗೆದು ತೋರಿಸಿದ. ಸಂಘಮಿತ್ರಾಳ ಮೊದಲ ತಿದ್ದುಪಡಿ ಒಂದೇ ಸಾಲಿನದು, ಅವಳ ಬೀದಿಯ ಬಸ್ಸು ಈಗ ಹಳೇ ಮರದ ಹತ್ತಿರವಲ್ಲ, ಹೊಸ ತಂಗುದಾಣದ ಹತ್ತಿರ ನಿಲ್ಲುತ್ತದೆ ಎಂದು. ರಜನೀಶ್ ಅದನ್ನು ಮೂರು ಸಲ ವಾಪಸು ಕಳಿಸಿ, ಮೂರು ದಿನ ಆಡಿಸಿ, ಬುಧವಾರ ಒಪ್ಪಿದ್ದ. ಎರಡನೆಯದು ಶನಿವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಬಂದದ್ದು, ನಲವತ್ತೆರಡು ಸಾಲು. ತಂಬಾಕು ಹರಾಜು ಶುರುವಾದಾಗ ಬೆಳಗಿನ ಬಸ್ಸುಗಳ ಹೊತ್ತು ಬದಲಾಗುತ್ತದಲ್ಲ, ಆ ಹಂಗಾಮಿನ ಪಟ್ಟಿಯನ್ನು ಯಾರೋ ಹದಿನೈದು ದಿನ ಮೊದಲೇ ಎತ್ತಿ ಹಾಕಿದ್ದರು. ಒಪ್ಪಿಗೆ ಬಿದ್ದದ್ದು ಮೂರೂ ಹನ್ನೆರಡಕ್ಕೆ, ರಜನೀಶನ ಫೋನಿನಿಂದ. ಅವನ ಸ್ವಂತ ಲ್ಯಾಪ್‌ಟಾಪ್ ಅದರ ಹಿಂದಿನ ದಿನ ಶುಕ್ರವಾರದಿಂದ ರಿಪೇರಿಯಲ್ಲಿತ್ತು, ಹಾಗೆಂದು ಗುಂಪಿನಲ್ಲಿ ಮೊದಲೇ ತಿಳಿಸಿದ್ದ.

"ಆ ಹಂಗಾಮಿನ ಪಟ್ಟಿ ಎಲ್ಲಿರುತ್ತೆ?" ಎಂದು ಕೇಳಿದರು ಧನಲಕ್ಷ್ಮಿ.

ಒಳಗಿನ ಒಂದು ಕಡತದಲ್ಲಿ, ಹಂಗಾಮು ಬರುವ ತನಕ ಆ್ಯಪಿನಲ್ಲಿ ಅದು ಕಾಣುವುದೇ ಇಲ್ಲ ಎಂದ ಸಂಜಯ್. ಹಾಗೆ ಹೇಳಿದವನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಲಿಲ್ಲ. ನಟರಾಜುವಿಗೂ ಹೊಳೆಯಲಿಲ್ಲ ಬಿಡಿ. ಅವನು ಅಂಡು ಸುಟ್ಟ ಬೆಕ್ಕಿನ ಹಾಗೆ ವರಾಂಡದಲ್ಲಿ ಓಡಾಡುತ್ತಿದ್ದ.

ಗುರುವಾರ ಇಬ್ಬರೂ ಬಸ್ಸು ಹತ್ತಿ ಅರಕಲಗೂಡಿಗೆ ಹೋದರು. ನಟರಾಜುವಿನ ಅಕ್ಕ ಮುದ್ದಮ್ಮ ಶುಂಠಿ ತೊಳೆಯುವ ಕೆಲಸಕ್ಕೆ ಹೋಗದೆ ಮಗಳನ್ನು ಕಾಯುತ್ತ ಕೂತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸಂಘಮಿತ್ರಾ ಮೊದಲ ಒಪ್ಪಿಗೆ ಬಂದ ದಿನ ಪ್ರಿಂಟ್ ಹಾಕಿಸಿ ಅಂಟಿಸಿದ್ದ ಒಂದು ಹಾಳೆ. ಹಾಳೆಯ ಒಂದು ಮೂಲೆ ಕಿತ್ತಿತ್ತು. ಅವಳೇ ಕೀಳಲು ಹೋಗಿದ್ದಳು, ತಾಯಿ ಕೈ ಹಿಡಿದಿದ್ದಳು. ನಟರಾಜು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ನಿಲ್ಲಲಿಲ್ಲ.

ಧನಲಕ್ಷ್ಮಿಯವರು ಕೇಳಿದ್ದು ಮೂರೇ ಪ್ರಶ್ನೆ. ಶನಿವಾರ ಎಲ್ಲಿದ್ದೆ? ಮನೆಯಲ್ಲೇ, ಆದರೆ ಕೈಯಲ್ಲಿ ಫೋನಿತ್ತು, ಅದರಿಂದ ಮಾಡಿಲ್ಲ ಅಂದರೆ ನಂಬುವವರು ಯಾರು. ಹರಾಜಿನ ಹಂಗಾಮಿನ ಪಟ್ಟಿ ಎಲ್ಲಿದೆ ಗೊತ್ತಾ? ಹಾಗೊಂದು ಪಟ್ಟಿ ಇದೆಯೆಂದೇ ಅವಳಿಗೆ ಈ ರಗಳೆಯಾದ ಮೇಲೆ ಗೊತ್ತಾದದ್ದು. ಮೊದಲ ಕೆಲಸ ಯಾವುದರಲ್ಲಿ ಮಾಡಿದೆ?

"ಗುಂಪಿಂದು ಒಂದು ಲ್ಯಾಪ್‌ಟಾಪ್ ಐತೆ ಮೇಡಂ, ಇಲ್ಲದವ್ರಿಗೆ ಸರದಿ ಮೇಲೆ ಕೊಡ್ತಾರೆ," ಎಂದಳು ಸಂಘಮಿತ್ರಾ. "ಸಂಜಯ್ ಸರ್ ಮೊದಲ್ನೇ ದಿನ ಅದ್ರಲ್ಲಿ ನನ್ನೆಸ್ರು ಹಾಕಿ ಕೊಟ್ರು. ನಾಲ್ಕು ದಿನ ಇಟ್ಕೊಂಡಿದ್ದೆ. ಗುರುವಾರ ಹೊಳೆನರಸೀಪುರದ ಗೌತಮ್‌ಗೆ ಬಸ್ ಸ್ಟ್ಯಾಂಡಲ್ಲಿ ಕೊಟ್ಟೆ."

"ಕೊಡುವಾಗ ನಿನ್ನ ಹೆಸರು ತೆಗೆದೆಯಾ?"

"ತೆಗೀಬೇಕು ಅಂತ ಯಾರೂ ಹೇಳ್ಲಿಲ್ಲ."

ಹೊರಗೆ ಬಂದಾಗ ಎದುರುಮನೆಯ ತೇಜಶ್ರೀ ಬಾಗಿಲಲ್ಲಿ ನಿಂತಿದ್ದಳು. ಇವರನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದನೇ ಕ್ಲಾಸಿನಿಂದ ಈ ಇಬ್ಬರು ಹುಡುಗಿಯರು ಒಂದೇ ಬುತ್ತಿ ತಿಂದವರು. ಬಸ್ಸಿನಲ್ಲಿ ನಟರಾಜು ಎರಡು ಸಲ ಸೀಟು ಬದಲಾಯಿಸಿದ.

"ಆ ಗೌತಮ್ಮನೇ ಇರ್ಬೇಕು ಮೇಡಂ," ಎಂದ. "ಲ್ಯಾಪ್‌ಟಾಪ್ ಅವನ ತಾವ ಇತ್ತಲ್ಲ."

"ಇನ್ನೂ ಊರು ಬಂದಿಲ್ಲ ನಟರಾಜು. ಅರ್ಧ ದಾರಿಗೇ ಟಿಕೆಟ್ ಹರಿಯಬೇಡ."

ಶುಕ್ರವಾರ ಹೊಳೆನರಸೀಪುರದಲ್ಲಿ ಸಿಕ್ಕ ಗೌತಮ್ ಡಿಪ್ಲೊಮಾ ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೇಳುವ ಮೊದಲೇ ತಪ್ಪೊಪ್ಪಿಕೊಂಡ, ಆದರೆ ಬೇರೆ ತಪ್ಪನ್ನು. ಲ್ಯಾಪ್‌ಟಾಪಿನಲ್ಲಿ ಕೆಲಸವೇನೂ ಮಾಡಿರಲಿಲ್ಲ, ಎರಡು ಸಿನಿಮಾ ನೋಡಿ ಚಾರ್ಜ್ ಪೂರ್ತಿ ಇಳಿಸಿಬಿಟ್ಟಿದ್ದ. ಶನಿವಾರ ಬೆಳಿಗ್ಗೆ ಅದನ್ನು ಚನ್ನರಾಯಪಟ್ಟಣಕ್ಕೆ ಮುಟ್ಟಿಸಲೆಂದು ರಜನೀಶನ ಕೈಗೆ ಕೊಟ್ಟಿದ್ದ. ಗಡಿಬಿಡಿಯಲ್ಲಿ ಚಾರ್ಜರ್ ಅಂಗಡಿಯಲ್ಲೇ ಉಳಿದಿತ್ತು, ಇನ್ನೂ ಅಲ್ಲೇ ಇತ್ತು. ಸಂಜಯ್ ಸರ್‌ಗೆ ಹೇಳಬೇಡಿ ಎಂದು ಬೇಡಿಕೊಂಡ.

ರಜನೀಶನ ಮನೆ ಅಲ್ಲಿಂದ ಎರಡು ಬೀದಿ ಆಚೆ. ನಲವತ್ತರ ಆಸುಪಾಸಿನ, ಮಿತಮಾತಿನ ಮನುಷ್ಯ. ಮೂರು ವರ್ಷ ಅರಕಲಗೂಡು ಪಟ್ಟಿಯನ್ನು ಒಬ್ಬನೇ ಕಾಯ್ದವನು, ಒಂದೊಂದು ನಿಲ್ದಾಣಕ್ಕೂ ಬೈಕಿನಲ್ಲಿ ಹೋಗಿ ನೋಡಿ ಬಂದವನು. ಮರ್ಯಾದೆಯಿಂದಲೇ ಒಳಗೆ ಕರೆದ. ಮೇಜಿನ ಹತ್ತಿರ ಕುರ್ಚಿ ಎಳೆಯಲು ಹೋದ ನಟರಾಜುವಿನ ಕಾಲು ಗೋಡೆಯಿಂದ ಇಳಿಬಿದ್ದಿದ್ದ ಒಂದು ವೈರಿಗೆ ಸಿಕ್ಕಿ, ಅವನು ಮುಗ್ಗರಿಸುವುದರಲ್ಲಿದ್ದ. ಪ್ಲಗ್ಗಿಗೆ ಚುಚ್ಚಿದ ಚಾರ್ಜರ್ ಅದು. ಮೇಜಿನ ಮೇಲೆ ಲ್ಯಾಪ್‌ಟಾಪ್ ಇರಲಿಲ್ಲ.

"ಹೊಸ ಹುಡುಗಿ, ಹುಮ್ಮಸ್ಸಲ್ಲಿ ಮಾಡಿದಾಳೆ," ಎಂದ ರಜನೀಶ್. "ನಾನೂ ನಂಬಿ ಒಪ್ಪಿಗೆ ಕೊಟ್ಬಿಟ್ಟೆ. ಅದೊಂದು ನನ್ನ ತಪ್ಪು, ಒಪ್ಕೋತೀನಿ."

ಲ್ಯಾಪ್‌ಟಾಪಿನ ವಿಷಯ ಕೇಳಿದಾಗ, ಬ್ಯಾಗಿನ ಜಿಪ್ ಕೂಡ ತೆಗೆಯದೆ ಶನಿವಾರ ಸಂಜೆಯೇ ಚನ್ನರಾಯಪಟ್ಟಣದಲ್ಲಿ, ಅಲ್ಲಿನ ಪಟ್ಟಿಯ ಉಸ್ತುವಾರಿ ಸ್ಪಂದನಾಗೆ ಮುಟ್ಟಿಸಿದೆ ಎಂದ. ಮಾತಾಡುವಾಗ ಅವನು ತನ್ನ ಉಂಗುರವನ್ನು ತಿರುಗಿಸುತ್ತಲೇ ಇದ್ದ. ಧನಲಕ್ಷ್ಮಿಯವರು ಹಂಗಾಮು ಈ ಸಲ ಯಾವಾಗ ಎಂದು ಸುಮ್ಮನೆ ವಿಚಾರಿಸಿದರು. ಮೊನ್ನೆಯ ಸೋಮವಾರವೇ ಶುರು ಅಂತ ಹೋದ ಶುಕ್ರವಾರ ಒಂದು ಮೆಸೇಜು ಎಲ್ಲ ಕಡೆ ಓಡಾಡಿತ್ತು, ಶನಿವಾರ ಸಂಜೆ ಮುಂದಕ್ಕೆ ಹೋಯಿತು ಎಂದು ಅವನು ಚಾಚೂ ತಪ್ಪದೆ ಹೇಳಿದ.

ಶನಿವಾರ ಚನ್ನರಾಯಪಟ್ಟಣ. ನಟರಾಜುವಿನ ಅನುಮಾನ ಈಗ ಸ್ಪಂದನಾಳ ಮೇಲೆ ಕೂತಿತ್ತು, ಯಾಕೆಂದರೆ ಹೊಸಬರನ್ನು ಸೇರಿಸಿದರೆ ಪಟ್ಟಿ ಕೆಡುತ್ತದೆ ಎಂದು ಗುಂಪಿನಲ್ಲಿ ಜೋರಾಗಿ ಬರೆದವಳು ಅವಳೇ. ಬ್ಯಾಂಕಿನ ಕೆಲಸದವಳು, ನೇರ ಮಾತಿನವಳು. ಈಗಲೂ ಹಾಗೆಯೇ ಅಂತೀನಿ ಎಂದಳು, ಮುಚ್ಚುಮರೆ ಮಾಡಲಿಲ್ಲ. ಧನಲಕ್ಷ್ಮಿಯವರು ಅದನ್ನು ಬಿಟ್ಟು ಲ್ಯಾಪ್‌ಟಾಪ್ ಕೈಗೆ ಬಂದಾಗ ಹೇಗಿತ್ತು ಎಂದು ಕೇಳಿದರು.

"ಭಾನುವಾರ ಬೆಳಿಗ್ಗೆ ತೆಗೆದೆ. ಬಟನ್ ಒತ್ತಿದ ತಕ್ಷಣ ಆನ್ ಆಯ್ತು, ಚಾರ್ಜ್ ತುಂಬಿತ್ತು," ಎಂದಳು ಸ್ಪಂದನಾ. "ಆದ್ರೆ ಚಾರ್ಜರ್ರೇ ಇರ್ಲಿಲ್ಲ ನೋಡಿ. ಯಾರೋ ಇಟ್ಕೊಂಡಿದಾರೆ."

ಧನಲಕ್ಷ್ಮಿಯವರು ಕೈಚೀಲ ಎತ್ತಿಕೊಂಡು ಎದ್ದರು. ವಾಪಸು ಬರುವ ಬಸ್ಸಿನಲ್ಲಿ ನಟರಾಜು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನೀನು ನೋಡಿದ್ದನ್ನೇ ನಾನೂ ನೋಡಿದ್ದು, ಎಡವಿದ್ದು ಮಾತ್ರ ನೀನೊಬ್ಬನೇ ಎಂದರು. ಅವನಿಗೆ ಆಗ ಸಿಟ್ಟು ಬಂತು, ಆದರೆ ಬಸ್ಸಿನಲ್ಲಿ ಹೋಗುವುದೆಲ್ಲಿಗೆ.

ಭಾನುವಾರ ಹತ್ತು ಗಂಟೆಗೆ ಸಂಜಯ್ ಮನೆಯ ಮಹಡಿಯಲ್ಲಿ ಎಲ್ಲರೂ ಸೇರಿದರು. ಸಂಜಯ್, ಸ್ಪಂದನಾ, ರಜನೀಶ್, ಚಾರ್ಜರನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ ಗೌತಮ್, ಬಾಗಿಲ ಬಳಿ ಕೊನೆಯ ಕುರ್ಚಿಯಲ್ಲಿ ಸಂಘಮಿತ್ರಾ. ಅವಳ ಪಕ್ಕದಲ್ಲಿ ನಟರಾಜು ನಿಂತೇ ಇದ್ದ.

"ಮೂವತ್ತು ವರ್ಷ ನಾನು ಬಸ್ಸಿನ ಹೊತ್ತು ಬರೆದವಳು," ಎಂದು ಶುರುಮಾಡಿದರು ಧನಲಕ್ಷ್ಮಿ. "ಡ್ರೈವರ್ ಏನು ಹೇಳಿದ ಅಂತ ನಾನು ಮೊದಲು ಕೇಳ್ತಿರಲಿಲ್ಲ. ಎರಡು ಊರಿನ ಮಧ್ಯೆ ಎಷ್ಟು ನಿಮಿಷ ಹಿಡೀತು ಅಂತ ನೋಡ್ತಿದ್ದೆ. ಇಲ್ಲೂ ಹಾಗೇ ನೋಡಿದೆ."

ಆ ಹಂಗಾಮಿನ ಪಟ್ಟಿ ಆ್ಯಪಿನಲ್ಲಿ ಕಾಣುವುದಿಲ್ಲ, ಅದಿರುವ ಜಾಗ ಹಳಬರಿಗೆ ಮಾತ್ರ ಗೊತ್ತು. ಸೇರಿ ಆರೇ ದಿನವಾಗಿದ್ದ, ಒಂದೇ ಸಾಲು ತಿದ್ದಿದ್ದ ಹುಡುಗಿ ಅದನ್ನು ಹುಡುಕಿ ತೆಗೆದಳು ಎಂಬುದನ್ನು ನಂಬಲು ಧನಲಕ್ಷ್ಮಿಯವರಿಗೆ ಮೊದಲೇ ಕಷ್ಟವಾಗಿತ್ತಂತೆ. ಹಾಗಾದರೆ ಹೆಸರು ಹೇಗೆ ಬಂತು? ಹೆಸರು ಇದ್ದದ್ದು ಹುಡುಗಿಯ ಮೇಲಲ್ಲ, ಲ್ಯಾಪ್‌ಟಾಪಿನ ಮೇಲೆ. ಅದು ಕೈಯಿಂದ ಕೈಗೆ ಹೋಗುವಾಗ ಹೆಸರು ಅಳಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಅದರಲ್ಲಿ ಯಾರು ಏನು ಮಾಡಿದರೂ ಸಂಘಮಿತ್ರಾ ಎಂದೇ ದಾಖಲಾಗುತ್ತಿತ್ತು. ಸಂಜಯ್ ಹಣೆ ಹಿಡಿದುಕೊಂಡ.

"ಶನಿವಾರ ಮೂರೂ ಹತ್ತಕ್ಕೆ ಅದು ಯಾರ ಹತ್ತಿರ ಇತ್ತು? ಗೌತಮ್ ಬೆಳಿಗ್ಗೆಯೇ ಕೊಟ್ಟುಬಿಟ್ಟಿದ್ದ, ಚಾರ್ಜ್ ಪೂರ್ತಿ ಇಳಿದಿತ್ತು, ಚಾರ್ಜರ್ ಕೊಡಲಿಲ್ಲ. ಸ್ಪಂದನಾ ಕೈಗೆ ಹೋಗಿದ್ದು ಸಂಜೆ, ಚಾರ್ಜ್ ತುಂಬಿತ್ತು, ಚಾರ್ಜರ್ ಇರಲಿಲ್ಲ. ಜಿಪ್ಪೇ ತೆಗೆಯದ ಬ್ಯಾಗಿನಲ್ಲಿ ಬ್ಯಾಟರಿ ತಾನಾಗಿ ತುಂಬಿಕೊಳ್ಳಲ್ಲ. ಮಧ್ಯದಲ್ಲಿ ಯಾರದೋ ಮನೆಯಲ್ಲಿ ಚಾರ್ಜರ್ ಇತ್ತು. ಸ್ವಂತ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದ್ದರೂ ಅದರ ಚಾರ್ಜರ್ ಗೋಡೆಯಲ್ಲೇ ಉಳಿದಿದ್ದ ಮನೆ. ನಮ್ಮ ನಟರಾಜು ಕಾಲು ಎಡವಿದ ಮನೆ."

ಎಲ್ಲರ ಕಣ್ಣೂ ಈಗ ಒಂದೇ ಕಡೆ ಹೋದವು. ರಜನೀಶನ ಕೈ ಉಂಗುರದ ಮೇಲೆ ನಿಂತುಬಿಟ್ಟಿತ್ತು.

"ಅದೂ ಬೇಡ," ಎಂದರು ಧನಲಕ್ಷ್ಮಿ, ದನಿ ಏರಿಸದೆ. "ಈ ಹುಡುಗಿಯ ಒಂದು ಸಾಲನ್ನು ನೀವು ಮೂರು ದಿನ ಓದಿದಿರಿ ರಜನೀಶ್. ನಲವತ್ತೆರಡು ಸಾಲನ್ನು ಎರಡು ನಿಮಿಷದಲ್ಲಿ ಒಪ್ಪಿದಿರಿ. ನಿಮ್ಮಂಥ ಬಿಗಿ ಮನುಷ್ಯ ಓದದೇ ಒಪ್ಪೋನಲ್ಲ. ಎರಡು ನಿಮಿಷ ಸಾಕಾಗಿದ್ದು ಯಾಕೆ ಅಂದರೆ, ನೀವು ಆಗಲೇ ಓದಿದ್ದಿರಿ. ಬರೆದವರು ನೀವೇ."

ರಜನೀಶ್ ಉಂಗುರ ಬಿಟ್ಟು ಎರಡೂ ಕೈ ಮೊಣಕಾಲ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳತೊಡಗಿದ. ಹರಾಜು ಸೋಮವಾರವೇ ಎಂದು ಮೆಸೇಜು ಬಂದಿತ್ತು. ಜನಕ್ಕೆ ತೊಂದರೆಯಾಗಬಾರದೆಂದು, ಕೈಗೆ ಸಿಕ್ಕಿದ್ದ ಲ್ಯಾಪ್‌ಟಾಪನ್ನು ತನ್ನ ಚಾರ್ಜರಿಗೆ ಹಾಕಿ ಪಟ್ಟಿ ಬದಲಾಯಿಸಿದ. ಒಪ್ಪಿಗೆಗೆ ಸ್ಪಂದನಾಳನ್ನು ಕೇಳೋಣವೆಂದು ಫೋನು ತೆರೆದರೆ, ಒಪ್ಪಿಗೆಯ ಬಟನ್ ತನಗೇ ತೆರೆದಿತ್ತು. ಆಗಲೇ ಅವನಿಗೆ ಗೊತ್ತಾದದ್ದು, ಕೆಲಸ ಆ ಹುಡುಗಿಯ ಹೆಸರಲ್ಲಿ ಹೋಗಿದೆ ಎಂದು.

"ಪಟ್ಟಿ ಸರಿಯಾಗೇ ಐತಲ್ಲ, ಅವಳ ಲೆಕ್ಕಕ್ಕೆ ಒಂದು ಕೆಲಸ ಸೇರ್ಲಿ ಬಿಡು ಅಂದ್ಕೊಂಡೆ," ಎಂದ. "ಸಂಜೆ ಹರಾಜು ಮುಂದಕ್ಕೆ ಹೋದದ್ದು ಗೊತ್ತಾದಾಗ ನಾನು ಚನ್ನರಾಯಪಟ್ಣದಲ್ಲಿದ್ದೆ. ಮನೆಗೆ ಹೋಗಿ ತೆಗೀತೀನಿ ಅಂತ ಇದ್ದೋನು ಮರೆತೆ. ಸೋಮವಾರ ಗಲಾಟೆ ಆದಾಗ ಎಲ್ಲರೂ ಅವಳ ಹೆಸರೇ ಹೇಳ್ತಿದ್ರು. ಮೂರು ವರ್ಷ ಒಂದೂ ತಪ್ಪು ಮಾಡಿರ್ಲಿಲ್ಲ ನಾನು. ಬಾಯಿ ಬರ್ಲಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ನಟರಾಜುವಿನ ನಾಲಿಗೆ ತುದಿಯಲ್ಲಿತ್ತು. ಅದರ ಹಿಂದೆ ಇನ್ನೂ ಖಾರದ ಮಾತುಗಳು ಸಾಲಾಗಿ ನಿಂತಿದ್ದವು. ಧನಲಕ್ಷ್ಮಿಯವರು ಅವನ ಕಡೆ ಒಮ್ಮೆ ನೋಡಿದರು, ಅವನು ನುಂಗಿಕೊಂಡ. ಅಷ್ಟರಲ್ಲಿ ಸಂಘಮಿತ್ರಾ ಎದ್ದು ನಿಂತಿದ್ದಳು.

"ನನ್ನ ಒಂದು ಸಾಲನ್ನ ನೀವು ಮೂರು ಸಲ ವಾಪಸ್ ಕಳಿಸಿದ್ರಲ್ಲ ಸರ್," ಎಂದಳು. "ಎಲ್ರೂ ಬೇಜಾರಾಗಿರ್ಬೇಕು ಅಂದ್ರು. ನಂಗೆ ಖುಷಿಯಾಗಿತ್ತು. ನಾನು ಬರೆದಿದ್ದನ್ನ ಒಬ್ರು ಇಷ್ಟು ಓದ್ತಾರಲ್ಲ ಅಂತ."

ಆ ಮಾತಿಗೆ ರಜನೀಶನ ಮುಖ ಕುಸಿಯಿತು. ಸ್ಪಂದನಾ ಕಿಟಕಿಯ ಕಡೆ ತಿರುಗಿದಳು. ಹೊಸಬರಿಂದ ಪಟ್ಟಿ ಕೆಡುತ್ತದೆ ಅಂದಿದ್ದೆ, ಅದನ್ನು ವಾಪಸು ತಗೋತೀನಿ ಎಂದು ತಾನಾಗೇ ಹೇಳಿದಳು.

ಒಮ್ಮೆ ಬಿದ್ದ ದಾಖಲೆಯನ್ನು ಅಳಿಸುವ ಪದ್ಧತಿ ಆ ಗುಂಪಿನಲ್ಲಿ ಇರಲಿಲ್ಲ. ಅದರ ಕೆಳಗೆ ನಿಜವನ್ನು ಸೇರಿಸಬಹುದಿತ್ತು, ಅಷ್ಟೆ. ರಜನೀಶ್ ಅಲ್ಲೇ ಕೂತು, ತನ್ನ ಹೆಸರಿನಲ್ಲಿ, ಶನಿವಾರದ ಬದಲಾವಣೆ ಮಾಡಿದ್ದು ನಾನು ಎಂದು ಬರೆದ. ಅದನ್ನು ಒಪ್ಪಲು ಎರಡನೇ ಕಣ್ಣು ಬೇಕು. ಇವತ್ತಿನ ಮಟ್ಟಿಗೆ ಆ ಅಧಿಕಾರವನ್ನು ಸಂಘಮಿತ್ರಾಗೆ ಕೊಡಿ ಎಂದು ಧನಲಕ್ಷ್ಮಿಯವರು ಸಂಜಯ್‌ಗೆ ಹೇಳಿದರು. ಅವಳು ಓದಿದಳು, ಮತ್ತೆ ಓದಿದಳು, ವಾಪಸು ಕಳಿಸಿದಳು.

"ಏನು ಅಂತ ಬರೆದಿದೀರ ಸರ್. ಯಾಕೆ ಅಂತ ಬರೆದಿಲ್ಲ."

ರಜನೀಶ್ ಮತ್ತೆ ಬರೆಯಲು ಕೂತ. ಯಾಕೆ ಎಂಬುದನ್ನು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಆಗಾಗ ಕಣ್ಣು ಒರೆಸಿಕೊಂಡ. ನಟರಾಜು ಗೋಡೆ ಗಡಿಯಾರ ನೋಡಿದ, ಇಪ್ಪತ್ತಾರು ನಿಮಿಷ. ಬುಧವಾರದಿಂದ ಒಂದು ಕಡೆ ನಿಲ್ಲದಿದ್ದ ಅವನ ಕಾಲು ಅಷ್ಟೂ ಹೊತ್ತು ಕದಲಲಿಲ್ಲ. ಸಂಘಮಿತ್ರಾ ಕೊನೆಯ ಸಾಲಿನ ತನಕ ಓದಿ ಒಪ್ಪಿಗೆ ಒತ್ತಿದಳು. ಆಮೇಲೆ ಹೊಸಬರ ಪುಟಕ್ಕೆ ತಾನೇ ಒಂದು ಸಾಲು ಸೇರಿಸಿದಳು, ಲ್ಯಾಪ್‌ಟಾಪ್ ಕೈ ಬದಲಾಯಿಸುವ ಮೊದಲು ಹೆಸರು ಅಳಿಸಿ ಎಂದು. ಸ್ಪಂದನಾ ಓದಿ ಒಪ್ಪಿದಳು, ಅವಳ ಎರಡನೇ ಕೆಲಸ ಅದಾಯಿತು. ಹೊಸಬರಿಗೆ ಬಾಗಿಲು ಹಾಕುವ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.

ಸಂಜೆ ರಜನೀಶ್ ಅರಕಲಗೂಡಿಗೆ ಹೋಗಿ ತೇಜಶ್ರೀಯ ತಂದೆ ದೇವರಾಜು ಅವರ ಮುಂದೆ ನಿಂತು ನಡೆದದ್ದನ್ನು ಹೇಳಿದನಂತೆ. ಅವಳಿಗೆ ಪರೀಕ್ಷೆ ಮುಂದಿನ ತಿಂಗಳು ಮತ್ತೆ ಇತ್ತು. ಎದುರುಮನೆಯ ಬಾಗಿಲು ತೆರೆಯಲು ಇನ್ನೂ ನಾಲ್ಕು ದಿನ ಬೇಕಾಯಿತು. ತೆರೆದಾಗ ತೇಜಶ್ರೀ ಏನೂ ಹೇಳದೆ ಬಂದು, ಗೋಡೆಯ ಮೇಲಿನ ಹಾಳೆಯ ಕಿತ್ತ ಮೂಲೆಯನ್ನು ಅಂಟಿಸಿ ಹೋದಳು ಎಂದು ಮುದ್ದಮ್ಮ ತಮ್ಮನಿಗೆ ಫೋನಿನಲ್ಲಿ ಹೇಳಿದಳು.

ಫೋನಿಟ್ಟ ನಟರಾಜು ಅವತ್ತು ಆಟೋ ಸ್ಟ್ಯಾಂಡಿನಲ್ಲಿ ತುಂಬಾ ಹೊತ್ತು ಯೋಚಿಸಿದ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಬಸ್ಸುಗಳು ಎಲ್ಲಿ ನಿಲ್ಲುತ್ತವೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು. 'ಹೊಸಬರಿಗೆ' ಎಂಬ ಪಟ್ಟಿಯಲ್ಲಿ ಬೆರಳಾಡಿಸಿ, ಅತ್ಯಂತ ಸಣ್ಣ ಕೆಲಸವೊಂದನ್ನು ಆರಿಸಿ, ಬೆವರುತ್ತ ಒಂದು ಸಾಲು ಬರೆದು ಕಳಿಸಿದ. ಅರ್ಧ ಗಂಟೆಗೆ ಅದು ವಾಪಸು ಬಂತು. ಹೊಸಬರ ಕೆಲಸ ಓದುವ ಹೊಣೆ ಈಗ ಸಂಘಮಿತ್ರಾಳದು, ಕೆಳಗೆ ಅವಳೇ ಬರೆದಿದ್ದಳು.

"ಮಾವ, ಯಾಕೆ ಅಂತ ಬರೆದಿಲ್ಲ."

ಬಾಡಿಗೆ ಕೇಳಿ ಬಂದವರನ್ನು ಹಿಂದಿನ ಆಟೋಗೆ ಕಳಿಸಿ, ನಟರಾಜು ತನ್ನದನ್ನು ಒಂದು ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿ, ಬರೆಯಲು ಕೂತ.